ಹೊಗುವುದು ಬೇರೆ, ಹೊಂದುವುದು ಬೇರೆ

ಕೊಡಗಿನ ಆಯುಧಗಳ ಹಬ್ಬವಾದ ಕೈಲ್ ಮುಹೂರ್ತಕ್ಕೆ ಮುಂಚೆ ನಾನೊಂದು ಲೇಖನ ಬರೆದಿದ್ದೆ. ತಾತನ ಕಾಲದ ತೋಟೆ ಕೋವಿಗೆ ಅಂಗಡಿಯಲ್ಲಿ ಸಿಕ್ಕ ತೋಟೆಯನ್ನು ಹಾಗೇ ತುಂಬಬೇಡಿ, ಮೊದಲು ನಳಿಗೆ ಕಳಚಿ ಅದರ ಅಡಿಯಲ್ಲಿ ಏನು ಕೊರೆದಿದೆಯೆಂದು ಓದಿ ಎಂಬುದಷ್ಟೇ ಅದರ ಸಾರ. ಬಂದ ಉತ್ತರಗಳಲ್ಲಿ ಮೆಚ್ಚುಗೆಗಿಂತ ಸಿಟ್ಟೇ ಹೆಚ್ಚಿತ್ತು. ಕೆಲವರು ಪತ್ರ ಬರೆದರು. ಕೆಲವರು ಮದುವೆಮನೆಯ ಪಂಕ್ತಿಯಲ್ಲೇ ಪಕ್ಕ ಕೂತು ತರಾಟೆಗೆ ತೆಗೆದುಕೊಂಡರು. ಆಯುಧಪೂಜೆ ಹತ್ತಿರ ಬಂದಿದೆ. ಬೀರುವಿನೊಳಗಿನ ಕೋವಿಗಳು ಮತ್ತೆ ಹೊರಗೆ ಬರುವ ಮುಂಚೆ ಒಂದೊಂದು ಆಕ್ಷೇಪಕ್ಕೂ ಉತ್ತರ ಹೇಳಿಬಿಡುವುದು ನನ್ನ ಹೊಣೆ.

ಮೈಸೂರಿನಲ್ಲಿ ಇದು ಯಾರಿಗೋ ಸಂಬಂಧಪಟ್ಟ ವಿಷಯವಲ್ಲ. ಗನ್‌ಹೌಸ್ ವೃತ್ತವೆಂಬ ಹೆಸರು ದಿನವೂ ಬಾಯಲ್ಲಿ ಬರುವ ಊರು ನಮ್ಮದು. ಕೊಡಗು, ಹುಣಸೂರು, ಎಚ್.ಡಿ. ಕೋಟೆ ಕಡೆಯಿಂದ ಬಂದು ಕುವೆಂಪುನಗರ, ವಿಜಯನಗರಗಳಲ್ಲಿ ಮನೆ ಮಾಡಿಕೊಂಡ ಎಷ್ಟೋ ಕುಟುಂಬಗಳಲ್ಲಿ ಜೋಡಿ ನಳಿಗೆಯ ಕೋವಿಯೊಂದು ಇದ್ದೇ ಇದೆ. ಅದು ಆಯುಧಪೂಜೆಗೆ ಹೊರಗೆ ಬರುತ್ತದೆ, ಊರಿನ ಹಬ್ಬಕ್ಕೆ ಹೋಗುತ್ತದೆ, ಚುನಾವಣೆ ಬಂದರೆ ಠಾಣೆಗೆ ಹೋಗಿ ಕೂರುತ್ತದೆ. ಉಳಿದ ದಿನವೆಲ್ಲ ಬಟ್ಟೆ ಸುತ್ತಿಕೊಂಡು ಮಲಗಿರುತ್ತದೆ. ಹೀಗೆ ಅಪರೂಪಕ್ಕೆ ಕೈಗೆ ಬರುವ ವಸ್ತುವಿನ ವಿಷಯದಲ್ಲೇ ನಾವು ಹೆಚ್ಚು ಮರೆಯುತ್ತೇವೆ, ಹೆಚ್ಚು ನಂಬುತ್ತೇವೆ.

ಮೊದಲ ಆಕ್ಷೇಪ: ತೋಟೆ ಸಲೀಸಾಗಿ ಒಳಗೆ ಹೋಗುತ್ತದೆ, ಕೋವಿ ಸರಿಯಾಗಿ ಮುಚ್ಚಿಕೊಳ್ಳುತ್ತದೆ. ಇನ್ನೇನು ನೋಡಬೇಕು?

ಅತಿ ಹೆಚ್ಚು ಜನ ಹೇಳಿದ್ದು ಇದನ್ನೇ. ಅತಿ ಹೆಚ್ಚು ಅಪಾಯ ಇರುವುದೂ ಇದರಲ್ಲೇ.

12 ಬೋರ್ ಎಂಬುದು ನಳಿಗೆಯ ಅಗಲದ ಲೆಕ್ಕ. ಒಂದು ಪೌಂಡ್ ಸೀಸದಲ್ಲಿ ಸಮನಾಗಿ 12 ಉಂಡೆ ಮಾಡಿದರೆ ಒಂದು ಉಂಡೆ ಎಷ್ಟು ದಪ್ಪವೋ ನಳಿಗೆಯ ಒಳಗೆ ಅಷ್ಟು ಅಗಲ, ಅಂದರೆ ಸುಮಾರು 18.5 ಮಿಲಿಮೀಟರ್. ತೋಟೆ ಕೂರುವ ಗೂಡು, ಅಂದರೆ ಚೇಂಬರು, ಎಷ್ಟು ಉದ್ದ ಎಂಬುದನ್ನು ಈ ಅಂಕಿ ಹೇಳುವುದಿಲ್ಲ. ಹಳೆಯ ಇಂಗ್ಲಿಷ್ ಕೋವಿಗಳಲ್ಲಿ ಬಹುಪಾಲಿನ ಚೇಂಬರು ಎರಡೂವರೆ ಇಂಚು. ತೋಟೆಯ ಭಾಷೆಯಲ್ಲಿ ಅದು 65 ಮಿ.ಮೀ. ಈಗ ಸಾಮಾನ್ಯವಾಗಿರುವ ತೋಟೆ ಎರಡೂಮುಕ್ಕಾಲು ಇಂಚಿನದು, 70 ಮಿ.ಮೀ.

ಇಲ್ಲೊಂದು ವಂಚನೆ ಅಡಗಿದೆ. ಡಬ್ಬಿಯ ಮೇಲಿನ 70 ಮಿ.ಮೀ. ಎಂಬುದು ತೋಟೆ ಹಾರಿದ ಮೇಲಿನ ಉದ್ದ. ಹಾರುವ ಮುಂಚೆ ಅದರ ಬಾಯಿ ಒಳಕ್ಕೆ ಮಡಚಿಕೊಂಡಿರುತ್ತದೆ, ಆಗ ಅದರ ಉದ್ದ ಸುಮಾರು 60 ಮಿ.ಮೀ. ಮಾತ್ರ. ಹಾಗಾಗಿ 65ರ ಚೇಂಬರಿನೊಳಗೆ ಅದು ಯಾವ ತಕರಾರೂ ಇಲ್ಲದೆ ಹೋಗಿ ಕೂರುತ್ತದೆ. ಮಡಚಿದ ಕೊಡೆ ಎಂಥ ಸಂದಿಯಲ್ಲಾದರೂ ನುಗ್ಗುತ್ತದೆ. ಸಂದಿಯೊಳಗೆ ಅದನ್ನು ಬಿಚ್ಚಲು ಹೋದಾಗ ತಾನೆ ಕಷ್ಟ. ಮದ್ದು ಹೊತ್ತಿದ ಕ್ಷಣದಲ್ಲಿ ತೋಟೆಯ ಬಾಯಿ ಬಿಚ್ಚಿ ಮುಂದಕ್ಕೆ ಚಾಚುತ್ತದೆ. ಚೇಂಬರು ಮುಗಿದು ನಳಿಗೆ ಕಿರಿದಾಗುವ ಇಳಿಜಾರಿನ ಮೇಲೆ ಅದು ಬಂದು ಕೂರುತ್ತದೆ. ಚರೆಯೂ ಬಿರಡೆಯೂ ಹೊರಗೆ ಹೋಗಬೇಕಾದ ದಾರಿ ಅಷ್ಟರಲ್ಲಿ ಇಕ್ಕಟ್ಟಾಗುತ್ತದೆ, ಹಿಂದಿನ ಒತ್ತಡ ಏರುತ್ತದೆ.

ಒಬ್ಬ ಓದುಗರು, ಹಾಗೆ ಏರುವ ಒತ್ತಡ ಅಷ್ಟೇನೂ ದೊಡ್ಡದಲ್ಲ ಎಂದಿದ್ದಾರೆ. ಇಳಿಜಾರು ನೀಳವಾಗಿದ್ದು ನಳಿಗೆ ದಪ್ಪವಾಗಿದ್ದರೆ ಅವರ ಮಾತು ಒಪ್ಪಬಹುದು. ಆದರೆ ಲೆಕ್ಕ ಅಲ್ಲಿಗೆ ಮುಗಿಯುವುದಿಲ್ಲ. ಬ್ರಿಟನ್ನಿನ ಪ್ರೂಫ್, ಅಂದರೆ ಕೋವಿಯ ತಾಳಿಕೆ ಪರೀಕ್ಷೆಯ, ನಿಯಮದಲ್ಲಿ 1954ರ ನಂತರ ಎರಡೂವರೆ ಇಂಚಿನ ಕೋವಿಗೆ ಚದರ ಇಂಚಿಗೆ 3 ಟನ್, ಎರಡೂಮುಕ್ಕಾಲು ಇಂಚಿನದಕ್ಕೆ 3¼ ಟನ್ ಎಂದು ನಳಿಗೆಯ ಮೇಲೇ ಕೊರೆಯುತ್ತಿದ್ದರು. ಉದ್ದದ ತೋಟೆ ಬರೀ ಉದ್ದವಲ್ಲ, ಹೆಚ್ಚು ಒತ್ತಡ ತಾಳುವ ಕೋವಿಗೆಂದು ತುಂಬಿದ್ದು. ಅದರ ಒತ್ತಡದ ಮೇಲೆ ಇಕ್ಕಟ್ಟಿನ ಒತ್ತಡ, ಅದರ ಮೇಲೆ ನೂರು ವರ್ಷದ ಸವೆತ. ಮೂರನ್ನೂ ಕೂಡಿಸಿ ನೋಡಬೇಕು.

ನಮ್ಮ ಮನೆಯಲ್ಲಿ ಆದದ್ದನ್ನೇ ಹೇಳುತ್ತೇನೆ. ಊರಿನ ಹಬ್ಬದಲ್ಲಿ ತೆಂಗಿನಕಾಯಿಗೆ ಗುರಿಯಿಡುವಾಗ ತಾತನ ಕೋವಿ ಹೆಗಲಿಗೆ ವಿಪರೀತ ಒದೆಯುತ್ತಿತ್ತು. ಹಳೆಯ ಕೋವಿಯ ಗತ್ತೇ ಹೀಗೆ ಎಂದು ನಾವೆಲ್ಲ ನಗುತ್ತಿದ್ದೆವು. ಹಾರಿದ ತೋಟೆಯ ಬಾಯಂಚು ಹರಿದು ನಾರುನಾರಾಗಿರುತ್ತಿತ್ತು. ಅದನ್ನೂ ನೋಡಿ ಎಸೆದೆವು. ಕೊನೆಗೆ ನಗರದ ಒಬ್ಬ ಹಿರಿಯ ಕೋವಿ ರಿಪೇರಿಯವರು ನಳಿಗೆ ಕಳಚಿ, ಅಡಿಯಲ್ಲಿ ಕೊರೆದಿದ್ದ 2½ ಎಂಬ ಅಂಕಿಯ ಮೇಲೆ ಬೆರಳಿಟ್ಟು ತೋರಿಸಿದರು. ವರ್ಷಗಟ್ಟಲೆ ನಾವು ಹಾಕುತ್ತಿದ್ದದ್ದು 70 ಮಿ.ಮೀ. ತೋಟೆ. ಕೋವಿ ಅಷ್ಟು ದಿನ ಒದ್ದು ಹೇಳಿತ್ತು, ತೋಟೆ ಹರಿದು ಹೇಳಿತ್ತು. ಕೇಳಿಸಿಕೊಳ್ಳದವರು ನಾವು.

ಎರಡನೆಯದು: ನಮ್ಮ ತಾತ ಐವತ್ತು ವರ್ಷ ಹೊಡೆದರು, ಏನೂ ಆಗಲಿಲ್ಲ.

ತಾತ ಹೊಡೆದದ್ದು ಅದೇ ಕೋವಿಯಿಂದ, ನಿಜ. ಅದೇ ತೋಟೆಯನ್ನಲ್ಲ. ಅವರ ಕಾಲದ್ದು ಕಾಗದದ ತೋಟೆ, ಆ ಕೋವಿಯ ಅಳತೆಗೇ ಬರುತ್ತಿದ್ದದ್ದು. ಅವರ ಧೈರ್ಯವನ್ನು ನಾವು ಉಳಿಸಿಕೊಂಡೆವು, ಅವರ ತೋಟೆಯನ್ನು ಬದಲಿಸಿಬಿಟ್ಟೆವು.

ಇನ್ನು ನಳಿಗೆ. ಕೊಡಗಿನ ಒಂದು ಮಳೆಗಾಲ ಸಾಕು, ಒರೆಸದೆ ಇಟ್ಟ ನಳಿಗೆಯೊಳಗೆ ತುಕ್ಕಿನ ಚುಕ್ಕೆ ಏಳಲು. ಚುಕ್ಕೆಗಳು ಆಳವಾದರೆ ಗುಳಿಗಳಾಗುತ್ತವೆ. ಗುಳಿ ಹೋಗಲೆಂದು ಒಳಗೆ ಉಜ್ಜಿಸಿ ಹೊಳಪು ಮಾಡಿಸುತ್ತೇವೆ. ಹೊಳಪು ಬಂದಷ್ಟೂ ಗೋಡೆ ತೆಳುವಾಗುತ್ತದೆ. ಕೊರೆದಿಟ್ಟ ಅಳತೆಗಿಂತ ಒಳವ್ಯಾಸ ಇಂಚಿನ ಸಾವಿರದಲ್ಲಿ ಹತ್ತು ಭಾಗದಷ್ಟು, ಅಂದರೆ ಕಾಲು ಮಿಲಿಮೀಟರ್ ಹಿಗ್ಗಿದರೂ ಬ್ರಿಟನ್ನಿನಲ್ಲಿ ಆ ಕೋವಿಯ ಪ್ರೂಫ್ ಬಿದ್ದುಹೋದಂತೆ. ಕನ್ನಡಿಯಂತೆ ಹೊಳೆಯುವ ನಳಿಗೆ ಆರೋಗ್ಯದ ಗುರುತಾಗಿರಲೇಬೇಕೆಂದಿಲ್ಲ.

ಐವತ್ತು ವರ್ಷ ಏನೂ ಆಗಲಿಲ್ಲ ಎಂಬುದು ಐವತ್ತು ವರ್ಷದ ಸುದ್ದಿ. ಮುಂದಿನ ಈಡಿಗೆ ಅದು ಜಾಮೀನಲ್ಲ.

ಮೂರನೆಯದು: ಇಂಗ್ಲೆಂಡಿನ ಕೋವಿ, ಕುಶಲಕರ್ಮಿಯ ಕೈಕೆಲಸ. ಹಳೆಯದೇ ಗಟ್ಟಿ.

ಈ ಆಕ್ಷೇಪದಲ್ಲಿ ನನ್ನ ತಪ್ಪೊಂದನ್ನು ತಿದ್ದಿದವರಿದ್ದಾರೆ, ಅವರಿಗೆ ಮೊದಲು ಕೃತಜ್ಞತೆ ಹೇಳಬೇಕು. ಡಮಾಸ್ಕಸ್ ನಳಿಗೆಯ ಕೋವಿಯನ್ನು ಎಂದೂ ಹಾರಿಸಲೇಬಾರದೆಂದು ನಾನು ಬರೆದಿದ್ದೆ. ಅದು ಅತಿಯಾಯಿತು. ಕಬ್ಬಿಣ, ಉಕ್ಕುಗಳ ಪಟ್ಟಿಗಳನ್ನು ಹೊಸೆದು, ಸರಳಿನ ಸುತ್ತ ಸುತ್ತಿ, ಕಾಯಿಸಿ ಬಡಿದು ಒಂದಾಗಿಸಿದ ಆ ನಳಿಗೆಗಳಲ್ಲಿ ಕೆಲವು ನೈಟ್ರೊ ಪ್ರೂಫ್, ಅಂದರೆ ಹೊಗೆಯಿಲ್ಲದ ಮದ್ದಿನ ಪರೀಕ್ಷೆಯನ್ನೂ ಗೆದ್ದಿವೆ. ಅಂಥವುಗಳ ಮೇಲೆ ಆ ಮುದ್ರೆ ಇರುತ್ತದೆ. ಮುದ್ರೆ ಇದ್ದು, ಇಂದಿನ ಅಳತೆಯಲ್ಲೂ ಅದು ಸಾಚಾ ಎಂದು ಬಲ್ಲವರು ಹೇಳಿದರೆ ತಕ್ಕ ತೋಟೆ ಹಾಕಬಹುದು. ಅಷ್ಟನ್ನು ಒಪ್ಪಿಕೊಳ್ಳುತ್ತೇನೆ.

ಆದರೆ ಆಕ್ಷೇಪದ ತಿರುಳನ್ನು ಒಪ್ಪಲಾರೆ. ಕೋವಿಯ ಗಟ್ಟಿತನ ಯಾವ ಮದ್ದಿಗೆ ಎಂಬುದೇ ಮುಖ್ಯ ಪ್ರಶ್ನೆ. ಕರಿಮದ್ದಿನ ಕಾಲದ ಕೋವಿ ಕರಿಮದ್ದಿಗೆ ಗಟ್ಟಿ. ಹೊಗೆಯಿಲ್ಲದ ಮದ್ದು ಬೇರೆಯೇ ಜಾತಿ. ಅದು ಅದೇ ಅಳತೆಯಲ್ಲಿ ಎಷ್ಟೋ ಪಟ್ಟು ಶಕ್ತಿ ತುಂಬಿಕೊಂಡಿರುತ್ತದೆ, ಅದರ ಒತ್ತಡ ಏರುವ ಬಗೆಯೂ ಬೇರೆ. ಕೋವಿ ಮಾರಾಟಕ್ಕೆ ಹೋಗುವ ಮುಂಚೆ ಅತಿಭಾರದ ಮದ್ದು ತುಂಬಿ ಹಾರಿಸಿ, ತಾಳಿದರೆ ಮಾತ್ರ ಮುದ್ರೆ ಒತ್ತುವ ಪದ್ಧತಿ ಲಂಡನ್ನಿನಲ್ಲಿ 1637ರಿಂದ, ಬರ್ಮಿಂಗ್‌ಹ್ಯಾಮಿನಲ್ಲಿ 1813ರ ಕಾಯಿದೆಯಿಂದ ಇದೆ. ಬೆಲ್ಜಿಯಂನ ಲೀಜ್‌ನಲ್ಲೂ ಇದೆ. ಕುಶಲಕರ್ಮಿಯ ಹೆಸರನ್ನು ನಂಬಿ ಅಲ್ಲಿನವರೇ ಬಿಡಲಿಲ್ಲ, ಪರೀಕ್ಷೆ ಮಾಡಿದರು. ನಾವು ಹೆಸರನ್ನಷ್ಟೇ ನಂಬುತ್ತಿದ್ದೇವೆ.

ಮದ್ದಿನ ಶಿಸ್ತಿಗೆ ಉದಾಹರಣೆ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಜಂಬೂಸವಾರಿಯ ದಿನ ಚಾಮುಂಡೇಶ್ವರಿಗೆ ಪುಷ್ಪಾರ್ಚನೆಯಾಗುವಾಗ 21 ಕುಶಾಲತೋಪು ಹಾರುವುದನ್ನು ಮೈಸೂರಿನವರು ಚಿಕ್ಕಂದಿನಿಂದ ಕೇಳಿದ್ದೇವೆ. ಆ ಹಳೆಯ ಫಿರಂಗಿಗಳಿಗೆ ಮೊದಲು ಪೂಜೆ, ಆಮೇಲೆ ದಿನಗಟ್ಟಲೆ ತಾಲೀಮು. ಒಂದು ಸುತ್ತು ಹಾರಿದ ಮೇಲೆ ಕಿಡಿ ಉಳಿಯದಂತೆ ನಳಿಗೆ ಶುಚಿ ಮಾಡಿಯೇ ಮುಂದಿನ ಮದ್ದು. ಅಲ್ಲಿ ಯಾರೂ ಕೈಗೆ ಸಿಕ್ಕ ಮದ್ದನ್ನು ಸಿಕ್ಕಷ್ಟು ಸುರಿಯುವುದಿಲ್ಲ. ಹಳೆಯ ಆಯುಧದ ಮೇಲಿನ ಗೌರವವೆಂದರೆ ಅದು.

ಇದಕ್ಕೇ ಸೇರಿದ ಇನ್ನೊಂದು ಮಾತನ್ನು ಕೈಮುಗಿದು ಹೇಳುತ್ತೇನೆ. ತೋಟೆ ಒಡೆದು ಅದರ ಮದ್ದನ್ನು ಕೇಪಿನ ಕೋವಿಗೆ ಸುರಿಯುವ ಚಾಳಿ ಕೆಲವು ಕಡೆ ಇದೆ. ಹಾಗೆ ಮಾಡಬೇಡಿ. ಗಜದಿಂದ ಜಡಿದು ತುಂಬುವ ಆ ಕೋವಿ ಕರಿಮದ್ದಿಗಾಗಿ ಹುಟ್ಟಿದ್ದು. ತೋಟೆಯ ಮದ್ದು ಅದರಲ್ಲಿ ಮದ್ದಾಗಿರುವುದಿಲ್ಲ, ಬಾಂಬಾಗುತ್ತದೆ.

ನಾಲ್ಕನೆಯದು: ನಾವು ಸೈನ್ಯದಲ್ಲಿ ಎಸ್‌ಎಲ್‌ಆರ್ ರೈಫಲ್ ಹಿಡಿದವರು. ಮಳೆ, ಮಣ್ಣು, ಯಾವ ಗುಂಡು ಎಂದೆಲ್ಲ ನೋಡಿದವರಲ್ಲ.

ನಿವೃತ್ತ ಸುಬೇದಾರರೊಬ್ಬರು ಬರೆದದ್ದಿದು. ಅವರ ಸೇವೆಗೆ ತಲೆಬಾಗಿಯೇ ಉತ್ತರಿಸುತ್ತೇನೆ.

ಸುಬೇದಾರರೇ, ಎಸ್‌ಎಲ್‌ಆರ್‌ಗೆ ಗುಂಡು ಆರಿಸುವ ಕೆಲಸ ನಿಮ್ಮ ಮೇಲೆ ಬರಲಿಲ್ಲ, ಏಕೆಂದರೆ ಅದನ್ನು ನಿಮಗಾಗಿ ಬೇರೆಯವರು ಮಾಡಿಟ್ಟಿದ್ದರು. ಆ ರೈಫಲ್ಲಿಗೆಂದೇ ಗೊತ್ತುಮಾಡಿದ 7.62ರ ಗುಂಡು ಪರೀಕ್ಷೆ ಮುಗಿಸಿಕೊಂಡು ಪೆಟ್ಟಿಗೆಯಲ್ಲಿ ನಿಮ್ಮ ಕೈಗೆ ಬಂತು. ಅಷ್ಟಾದರೂ ಅದರ ಗ್ಯಾಸ್ ರೆಗ್ಯುಲೇಟರನ್ನು ತಿರುಗಿಸಿ ಹೊಂದಿಸಲು ನಿಮಗೆ ಕಲಿಸಿದ್ದರಲ್ಲವೆ? ಗುಂಡಿನ ಹಿಂದಿನ ಗ್ಯಾಸು ಕಡಿಮೆಯಾದರೆ ಮುಂದಿನ ಗುಂಡು ಏರುವುದಿಲ್ಲ, ಹೆಚ್ಚಾದರೆ ಒಳಗಿನ ಭಾಗಗಳಿಗೆ ಪೆಟ್ಟು. ಅದು ನಿಮ್ಮ ಬೆರಳಿಗೇ ಗೊತ್ತಿರುವ ಪಾಠ.

ಅಂಥ ರೈಫಲ್ಲು ನಮ್ಮ ಸಾಮಾನ್ಯ ಪರವಾನಗಿಯಲ್ಲಿ ಸಿಗುವುದಿಲ್ಲ. ಅಮೆರಿಕದಲ್ಲಿ ಸಿಗುತ್ತದೆ. ಅಲ್ಲಿನ ಸೈನ್ಯ 1936ರಲ್ಲಿ ಒಪ್ಪಿಕೊಂಡ ಎಂ1 ಗ್ಯಾರಂಡ್, ಎಂಟು ಗುಂಡಿನ ಅರೆ-ಸ್ವಯಂಚಾಲಿತ ರೈಫಲ್, ಈಗ ಜನಸಾಮಾನ್ಯರ ಮನೆಗಳಲ್ಲಿದೆ. ಅದರ ಗುಂಡಿನ ಹೆಸರು .30-06. ಅದೇ ಹೆಸರಿನ, ಅದೇ ಅಳತೆಯ ಬೇಟೆಯ ಗುಂಡುಗಳೂ ಅಂಗಡಿಯಲ್ಲಿವೆ. ಅವುಗಳಲ್ಲಿ ಹಲವು ಹೆಚ್ಚು ಭಾರ, ಅವುಗಳ ಮದ್ದು ನಿಧಾನ ಉರಿಯುವಂಥದು. ಗುಂಡು ನಳಿಗೆಯ ತುದಿ ತಲುಪುವಾಗಲೂ ಹಿಂದೆ ಜೋರಾದ ಒತ್ತಡ ಉಳಿದಿರುತ್ತದೆ. ಗ್ಯಾರಂಡ್ ಗ್ಯಾಸು ಎಳೆದುಕೊಳ್ಳುವುದು ಆ ತುದಿಯ ಹತ್ತಿರವೇ. ಹೀಗಾಗಿ ಅದರ ಉದ್ದನೆಯ ಆಪರೇಟಿಂಗ್ ರಾಡ್ ಬಾಗಿಹೋಗಬಹುದು. ಇನ್ನೊಂದು ಅಪಾಯವೂ ಇದೆ. ಅದರ ಫೈರಿಂಗ್ ಪಿನ್ನಿಗೆ ಸ್ಪ್ರಿಂಗಿನ ತಡೆಯಿಲ್ಲ. ಗುಂಡು ಏರಿ ಬೋಲ್ಟು ಮುಚ್ಚುವಾಗ ಪಿನ್ನು ಕೇಪನ್ನು ಹಗುರವಾಗಿ ತಟ್ಟುತ್ತದೆ. ಸೈನ್ಯದ ಗುಂಡಿನ ಕೇಪು ಗಟ್ಟಿ, ತಾಳಿಕೊಳ್ಳುತ್ತದೆ. ಮೆತ್ತನೆಯ ಕೇಪಿದ್ದರೆ ಬಿಲ್ಲು, ಅಂದರೆ ಟ್ರಿಗರ್, ಎಳೆಯದೆಯೇ ಈಡು ಹಾರಬಹುದು. ಹಾಗಾಗಿ ಅಲ್ಲಿನ ಬಲ್ಲವರು ಆ ರೈಫಲ್ಲಿಗೆಂದೇ ತಯಾರಾದ ಗುಂಡನ್ನು ಹುಡುಕಿ ಹಾಕುತ್ತಾರೆ.

ಯುದ್ಧ ಗೆದ್ದ ರೈಫಲ್ಲಿಗೇ ಈ ಕಟ್ಟುಪಾಡು. ಹೆಸರು ಒಂದೇ ಆದರೂ ಒತ್ತಡ ಬೇರೆ ಎಂಬ ಪಾಠ ನಮ್ಮ 12 ಬೋರಿನದ್ದೂ ಹೌದು.

ಐದನೆಯದು: ಹಳೆಯ ಕೋವಿಗೆ ಹಳೆಯ ತೋಟೆಯೇ ಸರಿಯಲ್ಲವೆ? ಮನೆಯಲ್ಲಿ ತಾತ ಇಟ್ಟದ್ದು ಇನ್ನೂ ಇದೆ.

ಅಲ್ಲ. ಆ ಕಾಗದದ ತೋಟೆಗಳು ಎಷ್ಟು ಮಳೆಗಾಲ ಕಂಡಿವೆಯೋ! ಕಾಗದ ಉಬ್ಬುತ್ತದೆ, ಹಿತ್ತಾಳೆ ಕಿಲುಬುತ್ತದೆ, ಕೇಪು ಸಾಯುತ್ತದೆ, ಮದ್ದು ಕೆಡುತ್ತದೆ. ಬಿಲ್ಲು ಎಳೆದರೂ ಹಾರದಿದ್ದರೆ ತಕ್ಷಣ ಕೋವಿ ತೆರೆದು ನೋಡಬೇಡಿ. ಬಾಯನ್ನು ಅಪಾಯವಿಲ್ಲದ ದಿಕ್ಕಿಗೇ ಹಿಡಿದು ಒಂದು ನಿಮಿಷ ಕಾಯಿರಿ. ತಡವಾಗಿ ಹೊತ್ತುವ ಮದ್ದೂ ಉಂಟು. ಅದಕ್ಕಿಂತ ಕೆಟ್ಟದ್ದು ಟುಸ್ಸೆಂದು ಸದ್ದು ಮಾಡಿ ಸುಮ್ಮನಾಗುವ ಈಡು. ಬಿರಡೆ ನಳಿಗೆಯ ನಡುವೆಯೇ ಸಿಕ್ಕಿಕೊಂಡಿರುತ್ತದೆ. ಹಿಂದಿನಿಂದ ಇನ್ನೊಂದು ತೋಟೆ ಹಾರಿಸಿದರೆ ನಳಿಗೆ ಸೀಳುತ್ತದೆ. ಎಡಗೈ ಇರುವುದೂ ಅಲ್ಲೇ.

ತಾತನ ಡಬ್ಬಿಯಲ್ಲಿ ಬೇರೆ ಬೋರಿನ ತೋಟೆಗಳು ಕಲೆತಿರುವುದೂ ಉಂಟು. 20 ಬೋರಿನ ತೋಟೆ 12ರ ಚೇಂಬರಿನಲ್ಲಿ ಜಾರಿ ಮುಂದೆ ಹೋಗಿ ಸಿಕ್ಕಿಕೊಳ್ಳುತ್ತದೆ. ನೋಡಿದರೆ ಚೇಂಬರು ಖಾಲಿ ಎನಿಸುತ್ತದೆ. ಹಿಂದೆ 12ರ ತೋಟೆ ಹಾಕಿ ಹಾರಿಸಿದವರ ಬೆರಳುಗಳ ಕಥೆ ಜಗತ್ತಿನ ಎಲ್ಲ ಕಡೆಯೂ ಒಂದೇ. ಹಳೆಯ ತೋಟೆಗಳನ್ನು ಕಸಕ್ಕೆ ಹಾಕಬೇಡಿ, ಹೂಳಬೇಡಿ. ಪರವಾನಗಿ ಪುಸ್ತಕದೊಡನೆ ಠಾಣೆಗೋ ಅಧಿಕೃತ ಅಂಗಡಿಗೋ ಹೋಗಿ ಕೇಳಿ ಒಪ್ಪಿಸಿ.

ಆರನೆಯದು: ಅಳತೆ ಮಾಡಿಸಲು ಯಾರ ಹತ್ತಿರ ಹೋಗಬೇಕು? ಪರವಾನಗಿಯಲ್ಲೇ 12 ಬೋರ್ ಎಂದಿದೆ, ಅಂಗಡಿಯವರು ಅದನ್ನು ನೋಡಿಯೇ ಕೊಡುತ್ತಾರೆ.

ಈ ಆಕ್ಷೇಪ ನ್ಯಾಯವಾದದ್ದು. ಕೋವಿ ಕೆಲಸ ಬಲ್ಲ ಹಿರಿಯರು ಒಬ್ಬೊಬ್ಬರಾಗಿ ಕಡಿಮೆಯಾಗುತ್ತಿದ್ದಾರೆ. ಪರವಾನಗಿ ಪುಸ್ತಕ ಬೋರನ್ನು ಹೇಳುತ್ತದೆ, ಚೇಂಬರಿನ ಉದ್ದವನ್ನು ಹೇಳುವುದಿಲ್ಲ. ಅಂಗಡಿಯವರದ್ದೂ ಇದರಲ್ಲಿ ತಪ್ಪಿಲ್ಲ.

ಹಾಗಿದ್ದರೆ ದಾರಿಯನ್ನು ನಾವೇ ಮಾಡಿಕೊಳ್ಳೋಣ. ಆಯುಧ ಕಾಯಿದೆಯ 2019ರ ತಿದ್ದುಪಡಿಯ ನಂತರ ಪರವಾನಗಿಯ ಅವಧಿ ಐದು ವರ್ಷ. ನವೀಕರಣದ ಹೊತ್ತಿಗೆ ಚೇಂಬರಿನ ಉದ್ದ ಮತ್ತು ಪ್ರೂಫ್ ಮುದ್ರೆಯನ್ನು ಪುಸ್ತಕದಲ್ಲಿ ಬರೆಯುವ ಒಂದು ಸಾಲು ಸೇರಿಸಿದರೆ ಯಾರಿಗೂ ಹೊರೆಯಲ್ಲ. ಆಯುಧಪೂಜೆಗೆ ಮುಂಚೆ ನಗರದ ಕೊಡವ ಸಂಘಟನೆಗಳು, ಬೆಳೆಗಾರರ ಸಂಘಗಳು ಒಬ್ಬ ಬಲ್ಲ ರಿಪೇರಿಯವರನ್ನು ಕರೆಸಿ, ಚೇಂಬರ್ ಗೇಜು ಇಟ್ಟುಕೊಂಡು ಒಂದು ದಿನ ಕೂತರೆ ನೂರು ಮನೆಗಳ ಅನುಮಾನ ತೀರುತ್ತದೆ. ಪುಣೆಯ ಖಡಕಿಯ ಮದ್ದುಗುಂಡು ಕಾರ್ಖಾನೆಯದಿರಲಿ, ಹೊರದೇಶದ್ದಿರಲಿ, ತೋಟೆ ಕೊಳ್ಳುವಾಗ ಡಬ್ಬಿಯ ಮೇಲಿನ ಮಿಲಿಮೀಟರನ್ನು ಓದಿ. 65ರ ಚೇಂಬರಿಗೆ ಆಗುತ್ತದೆಂದು ಡಬ್ಬಿಯೇ ಹೇಳಬೇಕು. ಅದು ಹೇಳದಿದ್ದರೆ, ಅಥವಾ ಕೋವಿಯ ಮುದ್ರೆ ಅಳಿಸಿಹೋಗಿದ್ದರೆ, ಹಾರಿಸುವ ಮಾತು ಬೇಡ.

ಕೊನೆಯದು: ಇದು ನಮ್ಮ ಸಂಪ್ರದಾಯದ ಮೇಲೆ ಕೈ ಹಾಕಿದಂತೆ.

ಈ ಮಾತು ನನಗೆ ನೋವು ಕೊಟ್ಟಿತು, ಏಕೆಂದರೆ ನಾನೂ ಆ ಸಂಪ್ರದಾಯದ ನಡುವೆಯೇ ಬೆಳೆದವನು. ಗಂಡು ಮಗು ಹುಟ್ಟಿದರೆ ಒಂದು ಈಡು, ಸಾವಾದರೆ ಎರಡು ಈಡು. ಕೈಲ್ ಮುಹೂರ್ತದಲ್ಲಿ ಕೋವಿಗೆ ತೋಕ್ ಪೂ, ಅಂದರೆ ಕೋವಿ ಹೂ, ಮುಡಿಸಿ ಪೂಜೆ. ಕೊಡಗಿನವರ ಕೋವಿಗೆ 1963ರ ಅಧಿಸೂಚನೆಯಲ್ಲಿ ಸಿಕ್ಕ ಪರವಾನಗಿ ವಿನಾಯಿತಿ 2029ರವರೆಗೆ ಮುಂದುವರಿದಿದೆ. 2021ರಲ್ಲಿ ರಾಜ್ಯದ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಆ ವಿಶ್ವಾಸಕ್ಕೆ ತಕ್ಕಂತೆ ನಡೆಯುವ ಹೊಣೆ ನಮ್ಮದು. ನಗರದಲ್ಲಿ ಸಂಭ್ರಮಕ್ಕೆಂದು ಗುಂಡು ಹಾರಿಸುವುದು 2019ರ ತಿದ್ದುಪಡಿಯ ಪ್ರಕಾರ ಜೈಲಿನ ಅಪರಾಧ, ಅದನ್ನು ಯಾರೂ ಸಂಪ್ರದಾಯವೆನ್ನಬೇಡಿ.

ಕತ್ತಿಯನ್ನು ಮಸೆಯುವುದು, ನೇಗಿಲನ್ನು ತೊಳೆಯುವುದು, ಕೋವಿಗೆ ಎಣ್ಣೆ ಹಚ್ಚುವುದು ಇವೇ ಅಲ್ಲವೆ ಆ ಹಬ್ಬಗಳ ಮೂಲ? ಆಯುಧವನ್ನು ಅರಿತು ನೋಡಿಕೊಳ್ಳುವುದೇ ಅದರ ಪೂಜೆ. ತಕ್ಕುದಲ್ಲದ ತೋಟೆ ಹಾಕಿ, ತಾತ ಬಿಟ್ಟುಹೋದ ನಳಿಗೆಯನ್ನು ಸೀಳಿಸಿದವರು ಸಂಪ್ರದಾಯ ಉಳಿಸಿದಂತಾಗುವುದಿಲ್ಲ.

ನಮ್ಮ ಕೋವಿ ಈಗಲೂ ಹಬ್ಬಕ್ಕೆ ಊರಿಗೆ ಹೋಗುತ್ತದೆ. 65ರ ತೋಟೆ ಸಿಕ್ಕ ವರ್ಷ ಹಾರುತ್ತದೆ, ಸಿಗದ ವರ್ಷ ಹೂ ಮುಡಿದು ಮಣೆಯ ಮೇಲೆ ಕೂರುತ್ತದೆ. ಅದರ ಹಿಡಿಗೆ ದಾರದಲ್ಲಿ ಒಂದು ಚೀಟಿ ಕಟ್ಟಿದ್ದೇನೆ: 12 ಬೋರ್, 65 ಮಿ.ಮೀ. ಮಾತ್ರ. ಹೋದ ವರ್ಷ ಹೊಸ ಡಬ್ಬಿ ತಂದಿದ್ದ ಅಣ್ಣನ ಮಗ ಆ ಚೀಟಿ ಓದಿದ, ಡಬ್ಬಿ ತಿರುಗಿಸಿ ನೋಡಿದ, ಮುಚ್ಚಿ ಪಕ್ಕಕ್ಕಿಟ್ಟ. "ಚಿಕ್ಕಪ್ಪ, ಇದು ನಮ್ಮದಕ್ಕಲ್ಲ" ಎಂದ. ಈ ಆಯುಧಪೂಜೆಗೆ ನಿಮ್ಮ ಮನೆಯ ಕೋವಿಗೂ ಕುಂಕುಮದ ಜೊತೆ ಅಂಥದೊಂದು ಚೀಟಿ ಕಟ್ಟಿ.